ಬಿಸಿಲಿಗೊಂದು ಒಪ್ಪಿಗೆ ಪತ್ರ

ಕಲಬುರಗಿಯ ನಮ್ಮ ಜೇವರ್ಗಿ ಕಾಲೋನಿಯಲ್ಲಿ ಕರೆಂಟ್ ಹೋದಾಗ ಒಂದು ಸದ್ದು ಏಳುತ್ತದೆ, ಬಂದಾಗ ಇನ್ನೊಂದು. ಹೋದಾಗ ಮನೆಮನೆಯ ಕಿಟಕಿಯಿಂದ ‘ಹೋತು’ ಎಂಬ ನಿಟ್ಟುಸಿರು; ಬಂದಾಗ ‘ಬಂತು!’ ಎಂಬ ಜಯಘೋಷ. ಏನು ಹೋಯಿತು, ಏನು ಬಂತು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಟ್ಯೂಷನ್ನಿಗೆ ಬಂದ ಮಕ್ಕಳು ‘ಹೋತು’ ಎನ್ನುವಾಗ ಅದರಲ್ಲಿ ಹಬ್ಬದ ಸಡಗರವಿರುತ್ತದೆ, ದವಾಖಾನೆಯ ಬಾಗಿಲಲ್ಲಿ ಪಾಳಿಗೆ ಕುಳಿತವರು ಎನ್ನುವಾಗ ಬೇಸರವಿರುತ್ತದೆ, ಹಿಟ್ಟಿನ ಗಿರಣಿಯವನು ಎನ್ನುವಾಗ ಒಂದು ಬೈಗುಳದ ಪೀಠಿಕೆಯಿರುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಬಹಳ ಕಾಲ ಆ ಶಬ್ದ ಯಾರ ಬಾಯಿಗೂ ಬರುತ್ತಿರಲಿಲ್ಲ. ಕರೆಂಟ್ ಹೋದ ಕ್ಷಣ ನಾವೆಲ್ಲ ಮಾತು ನಿಲ್ಲಿಸಿ ನಡುಮನೆಯ ಮಂಚದ ಕಡೆಗೆ ನೋಡುತ್ತಿದ್ದೆವು.

ಅದಕ್ಕೆ ಮುಂಚೆ ನನ್ನ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ನಾನು ಹೆದರುಪುಕ್ಕಲ. ಇದನ್ನು ವಿನಯಕ್ಕಾಗಿ ಹೇಳುತ್ತಿಲ್ಲ. ನನ್ನ ಹೆಂಡತಿ ಸುಜಾತಾಳನ್ನು ಕೇಳಿದರೆ ಸಾಕ್ಷಿಸಮೇತ ರುಜುವಾತು ಮಾಡುತ್ತಾಳೆ. ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯಾದ ಆಕೆ ನಮ್ಮ ಮನೆಯಲ್ಲಿ ಬಲ್ಬು ಬದಲಿಸುವವಳು, ಕೆಟ್ಟ ಮಿಕ್ಸರನ್ನು ಬಿಚ್ಚಿ ನೋಡುವವಳು, ಹಲ್ಲಿ ಓಡಿಸುವವಳು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ, ಹಳಗನ್ನಡದ ರಣರಂಗಗಳನ್ನು ಮೇಜು ಗುದ್ದಿ ವರ್ಣಿಸಿ, ಮನೆಗೆ ಬಂದು ಒಂದು ಫ್ಯಾನಿನ ಸ್ವಿಚ್ಚು ಒತ್ತಬೇಕಾದರೆ ರಬ್ಬರ್ ಚಪ್ಪಲಿ ಹುಡುಕುವವನು ನಾನು. ಬರಿಗಾಲಲ್ಲಿ ನಾನು ಸ್ವಿಚ್ಚು ಮುಟ್ಟಿದ್ದನ್ನು ಈ ಭೂಮಂಡಲದಲ್ಲಿ ಕಂಡವರಿಲ್ಲ.

ಈ ಭಯಕ್ಕೆ ಒಂದು ಊರಿದೆ, ಅದು ಕಮಲಾಪುರ. ಹೊರಗಿನವರಿಗೆ ಕಮಲಾಪುರವೆಂದರೆ ಕೆಂಪು ಬಾಳೆಹಣ್ಣು. ನನಗೆ ಕಮಲಾಪುರವೆಂದರೆ ನಮ್ಮ ಮನೆಯೆದುರಿನ ವಿದ್ಯುತ್ ಕಂಬ. ಮಳೆ ಬಂದಾಗ ಅದು ಬುಸುಗುಡುತ್ತಿತ್ತು. ಅದನ್ನು ಎಳೆದು ನೆಲಕ್ಕೆ ಬಿಗಿದ ತಂತಿಯೊಂದಿತ್ತು. ಒಂದು ಮಳೆಗಾಲದ ಬೆಳಿಗ್ಗೆ ಓಣಿಯ ಎಮ್ಮೆಯೊಂದು ಮೈ ತುರಿಸಿಕೊಳ್ಳಲೆಂದು ಆ ತಂತಿಗೆ ಒರಗಿ, ಒರಗಿದಂತೆಯೇ ನೆಲಕ್ಕೆ ಬಿತ್ತು. ಕೂಗಲೂ ಇಲ್ಲ, ಒದ್ದಾಡಲೂ ಇಲ್ಲ. ಪಾಟಿಚೀಲ ಹಿಡಿದು ನಿಂತಿದ್ದ ನಾನು ಆ ದಿನ ಶಾಲೆಗೆ ಹೋಗಲಿಲ್ಲ. ಕಣ್ಣಿಗೆ ಕಾಣದ, ಸದ್ದು ಮಾಡದ, ಬಾ ಎನ್ನದ, ಹೋಗು ಎನ್ನದ ಒಂದು ವಸ್ತು ಅಷ್ಟು ದೊಡ್ಡ ಪ್ರಾಣಿಯನ್ನು ಕೆಡವಬಲ್ಲದೆಂಬ ತಿಳಿವಳಿಕೆ ನನ್ನ ಕಾಲಿಗೆ ಚಪ್ಪಲಿಯಾಗಿ ಅಂಟಿಕೊಂಡಿತು. ಆಮೇಲೆ ಕಲಿತ ಶಾಸ್ತ್ರಗಳಾವುವೂ ಅದನ್ನು ಬಿಡಿಸಲಿಲ್ಲ.

ಇಂಥವನ ಮನೆಗೇ ವಿಧಿ ಒಂದು ಮಷೀನನ್ನು ಕಳಿಸಿತು. ನಮ್ಮವ್ವ ಕಮಲಾಪುರದ ವಿದ್ಯಾರ್ಥಿ ನಿಲಯದಲ್ಲಿ ವರ್ಷಾನುಗಟ್ಟಲೆ ಅಡುಗೆ ಮಾಡಿದವಳು. ಹಸಿ ಕಟ್ಟಿಗೆಯ ಹೊಗೆಯಲ್ಲಿ ಊರ ಮಕ್ಕಳಿಗೆಲ್ಲ ರೊಟ್ಟಿ ಬಡಿದು, ಆ ಹೊಗೆಯನ್ನೆಲ್ಲ ತಾನೊಬ್ಬಳೇ ಇಟ್ಟುಕೊಂಡಳು. ಮುಪ್ಪಿನಲ್ಲಿ ಅದು ಲೆಕ್ಕಕ್ಕೆ ಬಂತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಇನ್ನು ಇವರು ಹಗಲಿರುಳು ಆಕ್ಸಿಜನ್ ಮಷೀನಿನ ಆಸರೆಯಲ್ಲೇ ಇರಬೇಕೆಂದರು. ಹೀಗೆ ನಡುಮನೆಯಲ್ಲಿ ಬುದ್ಧನ ಫೋಟೋದ ಕೆಳಗೆ ಅವ್ವನ ಮಂಚ, ಮಂಚದ ಪಕ್ಕದಲ್ಲಿ ಗುರುಗುಟ್ಟುವ ಬಿಳಿಯ ಡಬ್ಬಿ, ಡಬ್ಬಿಯಿಂದ ಅವ್ವನ ಮೂಗಿಗೆ ಸಣ್ಣ ನಳಿಕೆ. ಮಷೀನು ಕರೆಂಟಿನ ಮೇಲೆ, ಅವ್ವ ಮಷೀನಿನ ಮೇಲೆ, ನಾವು ಅವ್ವನ ಮೇಲೆ. ಕಲಬುರಗಿಯ ಬೇಸಿಗೆಯಲ್ಲಿ ಕರೆಂಟ್ ಎಷ್ಟು ಹೊತ್ತಿಗೆ ಹೋದೀತೆಂದು ಬಲ್ಲವರಾರು? ಬ್ಯಾಟರಿ ಪೆಟ್ಟಿಗೆಯೊಂದು ಇತ್ತು. ಅದೂ ಅವ್ವನ ವಾರಿಗೆಯದೇ, ಸ್ವಲ್ಪ ಹೊತ್ತು ಉಸಿರು ಹಿಡಿದು ‘ಟೀಂ ಟೀಂ’ ಎಂದು ಅಳಲು ಶುರುಮಾಡುತ್ತಿತ್ತು. ಸಣ್ಣದೊಂದು ಸಿಲಿಂಡರು ಮೂಲೆಯಲ್ಲಿರುತ್ತಿತ್ತು, ಅದರ ಮುಳ್ಳನ್ನು ನೋಡುವುದೇ ನನಗೊಂದು ಭಯ.

ಸೋಲಾರಿನ ಯೋಚನೆ ಬಂದದ್ದು ಹೀಗೆ. ನಮ್ಮ ಊರಿನಲ್ಲಿ ಬಿಸಿಲಿಗೆ ಬರವಿಲ್ಲ. ಬೇಡವೆಂದರೂ ಬರುತ್ತದೆ, ಅರ್ಜಿ ಕೊಡದೆ ಬರುತ್ತದೆ, ಬಂದು ಗೋಡೆಯೊಳಗೆ ಕುಳಿತು ಸಂಜೆಯಾದರೂ ಎದ್ದುಹೋಗುವುದಿಲ್ಲ. ಇಷ್ಟು ದಿನ ಬೈಸಿಕೊಂಡ ಈ ಬಿಸಿಲೇ ಅವ್ವನಿಗೆ ಉಸಿರು ಕೊಡುವುದಾದರೆ, ಹೊರಗಿನ ಕರೆಂಟ್ ಇದ್ದರೇನು ಹೋದರೇನು ಎಂದು ನನ್ನ ಮನಸ್ಸು ಕುಣಿಯಿತು. ಸೋಲಾರ್ ಅಂಗಡಿಯ ಬಸವರಾಜ ಮನೆಗೆ ಬಂದು ಮಾಳಿಗೆ ಅಳೆದ. ಬ್ಯಾಟರಿ ಇರುವುದು, ಬ್ಯಾಟರಿ ಇಲ್ಲದ್ದು ಎಂದು ಎರಡು ನಮೂನೆಗಳನ್ನು ವಿವರಿಸತೊಡಗಿದ. ಬ್ಯಾಟರಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಸ್ಕೂಟರಿನ ಬ್ಯಾಟರಿಗಳು ಸಿಡಿದು ಹೊತ್ತಿ ಉರಿಯುವ ವಿಡಿಯೋಗಳೆಲ್ಲ ನನ್ನ ಕಣ್ಣ ಮುಂದೆ ಬಂದು ನಿಂತವು. ಇರುವ ಹಳೆಯ ಪೆಟ್ಟಿಗೆ ಸಾಲದೆಂದು ಅಂಥದ್ದನ್ನೂ ಆಕ್ಸಿಜನ್ನಿನ ಪಕ್ಕದಲ್ಲಿಡುವುದೇ? “ಬ್ಯಾಟರಿ ಇಲ್ಲದ್ದs ಇರ್ಲಿ” ಎಂದೆ.

“ಆದ್ರ ಸರ್, ಅದರಾಗ ಒಂದು ಮಾತದ ಏನಂದ್ರ, ಲೈನ್ ಹೋದಾಗ...” ಎಂದು ಬಸವರಾಜ ಶುರುಮಾಡಿದ.

“ಲೈನಿಂದು ಆಮ್ಯಾಲ ನೋಡೋಣು” ಎಂದು ನಾನು ಆ ಬಾಯಿಯನ್ನು ಅಲ್ಲಿಗೇ ಮುಚ್ಚಿಸಿದೆ. ಹೆದರುವವರ ಒಂದು ದೋಷವೆಂದರೆ ಅವರು ಒಂದು ಭಯದಿಂದ ಓಡುವಾಗ ಹಿಂದೆ ಯಾರು ಕೂಗುತ್ತಿದ್ದಾರೆಂದು ತಿರುಗಿ ನೋಡುವುದಿಲ್ಲ. ಆ ಅರ್ಧ ವಾಕ್ಯವನ್ನು ಪೂರ್ತಿ ಕೇಳಿಸಿಕೊಂಡಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು.

ಮುಂದಿನದು ಒಪ್ಪಿಗೆಗಳ ಪರ್ವ. ಬಿಸಿಲು ಮಾಳಿಗೆಯ ಮೇಲೆ ಬೀಳಲು ಯಾರ ಅಪ್ಪಣೆಯೂ ಬೇಡ. ಮಾಳಿಗೆಯಿಂದ ಕೆಳಗಿಳಿದು ಮೀಟರಿನ ಡಬ್ಬಿಯೊಳಗೆ ಕಾಲಿಡಬೇಕಾದರೆ ಮಾತ್ರ ಅದಕ್ಕೆ ಹಲವರ ರುಜು ಬೇಕೆಂದು ನನಗೆ ಆಗ ತಿಳಿಯಿತು. ಮೊದಲ ಸಮಸ್ಯೆ ನಮ್ಮಪ್ಪ. ತಹಸೀಲ್ ಕಚೇರಿಯಲ್ಲಿ ಜವಾನನಾಗಿದ್ದ ಅಪ್ಪ ಈ ಮನೆ ಕಟ್ಟಿಸಿ, ಮೀಟರನ್ನು ತನ್ನ ಹೆಸರಿಗೆ ಮಾಡಿಸಿ, ಬಹಳ ಹಿಂದೆಯೇ ತೀರಿಕೊಂಡಿದ್ದ. ಅಪ್ಪ ಹೋದರೂ ಬಿಲ್ಲು ಪ್ರತಿ ತಿಂಗಳೂ ಅವನ ಹೆಸರಿಗೇ ಬರುತ್ತಿತ್ತು; ನಮಗೂ ಅದೊಂದು ಸಮಾಧಾನವೇ ಆಗಿತ್ತು. ಈಗ ಸತ್ತವನ ಹೆಸರಿನಲ್ಲಿ ಸೂರ್ಯನನ್ನು ಕೇಳುವಂತಿರಲಿಲ್ಲ. ಹೆಸರು ಬದಲಿಸಲು ಹೊರಟರೆ, ಮೊಬೈಲಿಗೆ ಬರುವ ಗುಪ್ತಸಂಖ್ಯೆ ಅಪ್ಪನ ಹಳೆಯ ನಂಬರಿಗೆ ಹೋಗುತ್ತಿತ್ತು, ಆ ನಂಬರು ಈಗ ಇನ್ನಾರದೋ ಆಗಿತ್ತು. ಧೈರ್ಯ ಮಾಡಿ ಆ ನಂಬರಿಗೆ ಫೋನ್ ಹಚ್ಚಿದೆ. ಎತ್ತಿದ ಹೆಣ್ಣುಮಗಳು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, “ಸತ್ತ ಅಪ್ಪನ ಹೆಸರ್ಲೆ ಮಂದೀಗಿ ಟೋಪಿ ಹಾಕ್ಲಾಕ ನಾಚ್ಕಿ ಬರಂಗಿಲ್ಲೇನ್ರಿ?” ಎಂದು ಬೈದು ಕೆಳಗಿಟ್ಟಳು. ಅವಳ ಜಾಗ್ರತೆಯನ್ನು ಮನಸ್ಸಿನಲ್ಲೇ ಮೆಚ್ಚಿ, ಪೊಲೀಸರು ಬರಬಹುದೆಂದು ಎರಡು ದಿನ ಗೇಟಿನ ಸದ್ದಿಗೆಲ್ಲ ಬೆಚ್ಚಿದೆ.

ಆಮೇಲೆ ಮರಣಪತ್ರ, ವಾರಸಾ ಪತ್ರ, ತೆರಿಗೆಯ ರಸೀದಿ, ಅವ್ವನ ಒಪ್ಪಿಗೆಯ ಹೆಬ್ಬೆಟ್ಟು. ಹೆಸರಾಯಿತು ಎನ್ನುವಷ್ಟರಲ್ಲಿ ನಮ್ಮ ಮನೆಗೆ ಮಂಜೂರಾದ ಲೋಡು ಸಾಲದೆಂದರು. ಅದನ್ನು ಹೆಚ್ಚಿಸಿಕೊಳ್ಳಲು ಇನ್ನೊಂದು ಅರ್ಜಿ. ಅದಾದ ಮೇಲೆ ಓಣಿಯ ಟ್ರಾನ್ಸ್‌ಫಾರ್ಮರು ನಮ್ಮ ಮಾಳಿಗೆಯ ಕರೆಂಟನ್ನು ತಾಳಿಕೊಳ್ಳುವುದೋ ಇಲ್ಲವೋ ಎಂಬ ವಿಚಾರಣೆ. ಆಮೇಲೆ ಬಾಂಡ್ ಪೇಪರಿನ ಮೇಲೆ ಕರಾರು. ಆಮೇಲೆ ಬರುವ ಕರೆಂಟನ್ನೂ ಹೋಗುವ ಕರೆಂಟನ್ನೂ ಅಳೆಯುವ ಹೊಸ ಮೀಟರು, ಅದಕ್ಕೆ ಪ್ರಯೋಗಾಲಯದ ಪರೀಕ್ಷೆ. ನನಗೆ ಸರ್ಕಾರಿ ಕಚೇರಿಯ ಕೌಂಟರೆಂದರೆ ಸ್ವಿಚ್ಚಿನಷ್ಟೇ ಭಯ. ಕಿಂಡಿಯ ಮುಂದೆ ನಿಂತಾಗ ನನ್ನ ಸ್ವಂತ ಹೆಸರೇ ಯಾರದೋ ಹೆಸರನ್ನು ಕದ್ದು ಹೇಳುತ್ತಿರುವಂತೆ ಬಾಯಿಂದ ಬರುತ್ತಿತ್ತು. ಲಂಚ ಕೇಳುತ್ತಾರೆಂದು ಹೆದರಿ ಹೋದರೆ ಯಾರೂ ಕೇಳಲಿಲ್ಲ. ಕೇಳಲಿಲ್ಲವಲ್ಲ, ಹಾಗಾದರೆ ಕೆಲಸವೇ ಆಗಲಾರದೆಂದು ಹೆದರಿ ವಾಪಸು ಬಂದೆ.

ವಿದ್ಯುತ್ ಕಚೇರಿಯ ಸೆಕ್ಷನ್ ಆಫೀಸರು ಒಳ್ಳೆಯ ಮನುಷ್ಯ, ಆದರೆ ಪ್ರತಿ ಕಾಗದವನ್ನೂ ಅದರ ಹಿಂದೆ ಚೇಳಿದೆಯೇನೋ ಎಂಬಂತೆ ತಿರುವಿ ನೋಡುತ್ತಿದ್ದರು. ರುಜು ಹಾಕುವ ಮೊದಲು ಪೆನ್ನನ್ನು ಒಂದು ಕ್ಷಣ ಗಾಳಿಯಲ್ಲಿ ನಿಲ್ಲಿಸುತ್ತಿದ್ದರು. ನನ್ನ ಪ್ರಾಣವೂ ಅಲ್ಲೇ ನಿಲ್ಲುತ್ತಿತ್ತು. “ನಮ್ಮವ್ವ ಮಷೀನಿನ ಮ್ಯಾಲ ಇದ್ದಾಳ್ರಿ ಸಾಹೇಬ್ರ, ಸ್ವಲ್ಪ ಲಗೂ ಮಾಡ್ರಿ” ಎಂದರೆ, “ಅದಕ್ಕs ತಡ ಮಾಡಾಕತ್ತೀನ್ರಿ ಸರ್, ಮನ್ಯಾಗ ಪೇಷಂಟ್ ಇದ್ದಾಗ ಎಲ್ಲಾ ಬರಾಬರ್ ಇರ್ಬೇಕು” ಎನ್ನುತ್ತಿದ್ದರು. ಅದು ಕರುಣೆಯೋ ಕುಂಟುನೆಪವೋ ನನಗೆ ತಿಳಿಯಲಿಲ್ಲ.

ಇಷ್ಟರಲ್ಲಿ ಸೋಲಾರ್ ಫಲಕಗಳು ಮಾಳಿಗೆಯೇರಿ ಕುಳಿತಿದ್ದವು, ಆದರೆ ಪರಿಶೀಲನೆಯಾಗುವ ತನಕ ಚಾಲೂ ಮಾಡುವಂತಿರಲಿಲ್ಲ. ಬಿಸಿಲು ದಿನವೆಲ್ಲ ಅವುಗಳ ಮೇಲೆ ಬಿದ್ದು ವ್ಯರ್ಥವಾಗುತ್ತಿತ್ತು. ಪಾರಿವಾಳಗಳು ಅವುಗಳ ನೆರಳಲ್ಲಿ ಸಂಸಾರ ಹೂಡಿದವು. ಆ ವಾರಗಳಲ್ಲೇ ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಹಳ ಹೊತ್ತು ಬರಲಿಲ್ಲ. ಬ್ಯಾಟರಿ ಅತ್ತು ಸುಮ್ಮನಾಯಿತು, ಸಿಲಿಂಡರಿಗೆ ನಳಿಕೆ ಹಚ್ಚಿದೆವು. ಅವ್ವ ಮಂಚದ ಅಂಚನ್ನು ಎರಡೂ ಕೈಯಿಂದ ಹಿಡಿದು ಮುಂದಕ್ಕೆ ಬಾಗಿ ಕುಳಿತಳು. ಅವಳ ಬೆನ್ನಿನ ಮೇಲೆ ಕೈಯಿಟ್ಟಿದ್ದ ನನಗೆ ಪ್ರತಿ ಉಸಿರೂ ಬೆನ್ನೆಲುಬಿನ ತನಕ ಹತ್ತಿ, ಇಳಿಯಲಾರದೆ ಇಳಿಯುವುದು ತಿಳಿಯುತ್ತಿತ್ತು. ಮಾಳಿಗೆಯ ಮೇಲೆ ಬಿಸಿಲಿದೆ, ಫಲಕವಿದೆ, ವೈರಿದೆ, ಇಲ್ಲದ್ದು ಒಂದು ರುಜು ಎಂದು ನೆನೆದು ನನಗೆ ಅಳು ಬಂತು. ಆ ದಿನ ಕರೆಂಟ್ ಬಂತು, ಅವ್ವ ಉಳಿದಳು.

ಕೊನೆಗೊಂದು ದಿನ ಸೆಕ್ಷನ್ ಆಫೀಸರು ಪರಿಶೀಲನೆಗೆ ಬಂದರು. ಬಸವರಾಜ ಗೋಡೆಯ ಮೇಲಿನ ಸೋಲಾರ್ ಡಬ್ಬಿಯನ್ನು ಚಾಲೂ ಮಾಡಿದ. ಹಸಿರು ದೀಪ ಹತ್ತಿತು, ಹೊಸ ಮೀಟರಿನ ಅಂಕಿಗಳು ಓಡಿದವು. ಅವ್ವನ ಮಷೀನಿಗೆ ಆ ಕ್ಷಣ ಕಲಬುರಗಿಯ ಬಿಸಿಲೇ ಹೋಗುತ್ತಿತ್ತು. ನಾನು ಬುದ್ಧನ ಫೋಟೋ ಕಡೆ ನೋಡಿ ಕೈ ಮುಗಿದೆ. ಆಗ ಆಫೀಸರು ಗೇಟಿನ ಬಳಿಯ ಮೇನ್ ಸ್ವಿಚ್ಚಿನ ಹಿಡಿಕೆಯನ್ನು ಕೆಳಗೆಳೆದರು, ಹೊರಗಿನ ಕರೆಂಟ್ ಹೋದರೆ ಹೇಗೋ ಹಾಗೆ. ಹಸಿರು ದೀಪ ಪಟ್ಟನೆ ಆರಿತು. ಉರಿಬಿಸಿಲಿನ ಕೆಳಗೆ ಫಲಕಗಳು ಸತ್ತಂತೆ ಬಿದ್ದವು, ಹಳೆಯ ಬ್ಯಾಟರಿ ಎದ್ದು ಅವ್ವನ ಮಷೀನನ್ನು ಹಿಡಿದುಕೊಂಡಿತು.

“ಕೆಟ್ಟುಹೋತೇನ್ರಿ!” ಎಂದು ನಾನು ಚೀರಿದೆ.

“ಕೆಟ್ಟಿಲ್ರಿ, ಪಾಸಾಯ್ತು” ಎಂದು ಆಫೀಸರು ಮೊದಲ ಸಲ ನಕ್ಕರು. “ಹೊರಗಿನ ಲೈನ್ ಹೋದ ಕೂಡ್ಲೆ ಇದೂ ಬಂದ್ ಆಗ್ಬೇಕು. ಆಗ್ಲಿಲ್ಲಂದ್ರ ನಿಮ್ ಮಾಳಿಗಿ ಕರೆಂಟು ಲೈನಿಗಿ ಹೋಗ್ತದ. ಅಲ್ಲಿ ಕಂಬದ ಮ್ಯಾಲ ನಮ್ ಮಂದಿ ಇರ್ತಾರ.”

ಬಸವರಾಜ ನನ್ನ ಮುಖ ನೋಡದೆ, “ನಾ ಆವತ್ತs ಹೇಳಾಕ ಬಂದಿದ್ದೆ ಸರ್” ಎಂದ. ಇಷ್ಟೆಲ್ಲ ಅಲೆದಾಟ ನಡೆದದ್ದು, ಬೇಕಾದ ಹೊತ್ತಿನಲ್ಲಿ ತಪ್ಪದೆ ಕೈಕೊಡುವ ಒಂದು ಡಬ್ಬಿಗಾಗಿ! ಅದು ಸರಿಯಾಗಿ ಕೈಕೊಡುತ್ತದೆಂದು ಖಾತ್ರಿಯಾದ ಮೇಲೆಯೇ ಒಪ್ಪಿಗೆ ಪತ್ರ! ಆಫೀಸರು ಅದಕ್ಕೆ ರುಜು ಹಾಕುವಾಗ ಪೆನ್ನನ್ನು ಗಾಳಿಯಲ್ಲಿ ನಿಲ್ಲಿಸಲಿಲ್ಲ. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಅವರಿಗೆ ಚಹಾ ಕೊಡುವುದನ್ನೂ ಮರೆತೆ. ಯಾವ ಕಂಬ, ಯಾವ ಮಂದಿ? ನನ್ನ ಅವ್ವ ಇಲ್ಲಿ ಮಂಚದ ಮೇಲೆ ಕಣ್ಣೆದುರಿಗಿದ್ದಾಳೆ. ಕಾಣದ ಯಾರೋ ಒಬ್ಬನ ಸಲುವಾಗಿ ಕಾಣುವ ಅವ್ವನ ಉಸಿರು ನಿಲ್ಲಬೇಕೆ ಎಂದು ಆ ಸಂಜೆ ಮನೆಯಲ್ಲಿ ಕೂಗಾಡಿದೆ. ಸುಜಾತಾ ಮಾತ್ರ, “ಹೊಸ ಬ್ಯಾಟರಿ ತರೋಣು, ನಿಮ್ಮ ಅಂಜಿಕಿ ಪೆಟ್ಟಿಗ್ಯಾಗ ಇಡ್ರಿ” ಎಂದಳು. ಬಸವರಾಜನಿಗೆ ಹೇಳಿದೆವು, ತರಿಸಿ ಕೊಡುತ್ತೇನೆಂದ.

ಅದು ಬರುವ ಮೊದಲೇ ಗಾಳಿ ಬಂತು. ಮಳೆಗಾಲ ಬಾಗಿಲಲ್ಲಿದ್ದಾಗ ನಮ್ಮ ಕಡೆ ಬೀಸುವ ಆ ಧೂಳುಗಾಳಿ ನಿಮಗೆ ಗೊತ್ತಿದ್ದರೆ ಹೆಚ್ಚು ಹೇಳಬೇಕಾಗಿಲ್ಲ. ಆಕಾಶ ಹಳದಿಯಾಗಿ, ಮನೆಗಳ ಪತ್ರಾಸಿನ ತಗಡುಗಳು ಹಾರಿ, ಬೇವಿನ ಮರಗಳು ಮುರಿದು, ಒಂದು ಸಣ್ಣ ಮಳೆ ಸುರಿದು, ಏನೂ ಆಗಿಲ್ಲವೆಂಬಂತೆ ಮತ್ತೆ ಬಿಸಿಲು ಬಂತು. ಓಣಿಯೆಲ್ಲ ‘ಹೋತು’ ಎಂದಿತು. ಸುಜಾತಾ ಶಾಲೆಯಲ್ಲಿದ್ದಳು. ಬ್ಯಾಟರಿ ತನ್ನ ಅಳುವನ್ನು ಅತ್ತು ಮುಗಿಸಿತು. ಸಿಲಿಂಡರಿನ ಮುಳ್ಳು ಕೆಂಪು ಗೆರೆಗೆ ಬಂದು ಕುಳಿತಿತ್ತು. ಅವ್ವನ ಉಗುರಿನ ಬುಡದಲ್ಲಿ ನೀಲಿ ಕಾಣಿಸಿಕೊಂಡಿತು. ಆಂಬುಲೆನ್ಸಿಗೆ ಫೋನ್ ಮಾಡಿದರೆ, ದಾರಿಯಲ್ಲಿ ಮರ ಬಿದ್ದಿದೆ, ಸುತ್ತು ಹಾಕಿ ಬರುತ್ತೇವೆಂದರು.

ನಾನು ಅಂಗಳಕ್ಕೆ ಓಡಿ ಪಕ್ಕದ ಮನೆಯ ಚಾಂದಪಾಶಾರನ್ನು ಕೂಗಿದೆ. ಅವರದು ಮದುವೆಗಳಿಗೆ ಪೆಂಡಾಲು, ಜನರೇಟರು ಬಾಡಿಗೆ ಕೊಡುವ ವ್ಯಾಪಾರ. ಕರೆದ ಕೂಡಲೇ ಸಣ್ಣ ಜನರೇಟರೊಂದನ್ನು ದೂಡಿಕೊಂಡು ನಮ್ಮ ಮೆಟ್ಟಿಲಿಗೆ ತಂದರು. ಅವರ ಹೆಗಲ ಮೇಲೆ ಎರಡೂ ತುದಿಗೆ ಪಿನ್ ಇರುವ ಒಂದು ವೈರಿತ್ತು. ನಮ್ಮ ಊರಿನ ಮದುವೆ ಮನೆಗಳಲ್ಲಿ ನೀವು ಅದನ್ನು ನೋಡಿರಬಹುದು: ಒಂದು ತುದಿ ಜನರೇಟರಿಗೆ, ಇನ್ನೊಂದು ತುದಿ ಗೋಡೆಯ ಯಾವುದಾದರೊಂದು ಪ್ಲಗ್ಗಿಗೆ. ಕರೆಂಟು ಹೊರಬರಬೇಕಾದ ತೂತಿನಿಂದಲೇ ಒಳಗೆ ಹೊಕ್ಕು ಇಡೀ ಮನೆ ಝಗ್ಗನೆ ಬೆಳಗುತ್ತದೆ.

“ಫಿಕರ್ ಮಾಡ್ಬ್ಯಾಡ್ರಿ ಸರ್” ಎಂದರು ಚಾಂದಪಾಶಾ, “ಒಂದು ಪಿನ್ ಇಲ್ಲಿ, ಒಂದು ಪಿನ್ ನಿಮ್ ಪ್ಲಗ್ಗಿಗಿ. ಪೂರಾ ಮನಿ ಚಾಲೂ. ಬಿಸಿಲೂ ಬಂದದ, ನಿಮ್ ಸೋಲಾರೂ ಏಳ್ತದ ನೋಡ್ರಿ.”

“ಮೇನ್ ಸ್ವಿಚ್ ಇಳಸಬ್ಯಾಡೇನ್ರಿ?” ಎಂದೆ.

“ಅರೇ, ಇಡೀ ಊರ್ ಲೈನ್ ಬಂದ್ ಅದ, ಮೇನಿಂದ ಏನ್ ಕೆಲ್ಸ? ಅಮ್ಮಾರನ್ನ ನೋಡ್ರಿ ಮೊದ್ಲು!”

ಅವರು ಒಂದು ಪಿನ್ನನ್ನು ಜನರೇಟರಿಗೆ ಸಿಕ್ಕಿಸಿ, ಹಗ್ಗ ಎಳೆದು ಅದನ್ನು ಚಾಲೂ ಮಾಡತೊಡಗಿದರು. ನಾನು ವೈರಿನ ಆಚೆಯ ಪಿನ್ನನ್ನು ಹಿಡಿದು, ಚಪ್ಪಲಿ ಮೆಟ್ಟಿ, ನಡುಮನೆಯ ಪ್ಲಗ್ಗಿನ ಮುಂದೆ ನಿಂತೆ. ಅಷ್ಟರಲ್ಲಿ, ಕರೆಂಟ್ ಯಾವಾಗ ಬಂದೀತೆಂದು ಕೇಳಿಬಿಡೋಣವೆಂದು ಇನ್ನೊಂದು ಕೈಯಿಂದ ಲಕ್ಷ್ಮಣನಿಗೆ ಫೋನ್ ಹಚ್ಚಿದೆ. ಲಕ್ಷ್ಮಣನೆಂದರೆ ನನ್ನ ತಂಗಿ ಭಾರತಿಯ ಗಂಡ, ಕಮಲಾಪುರದಲ್ಲಿ ಲೈನ್‌ಮನ್. ಬಂದಾಗಲೆಲ್ಲ ಅವ್ವನಿಗೆ ಕೆಂಪು ಬಾಳೆಹಣ್ಣು ತಂದು, ಸುಲಿದು, ತುಂಡು ಮಾಡಿ ಕೈಗಿಡುವವನು. ನಮ್ಮೋಣಿಯ ಲೈನಿಗೂ ಅವನಿಗೂ ಸಂಬಂಧವಿಲ್ಲ. ಆದರೂ ಕರೆಂಟ್ ಹೋದಾಗಲೆಲ್ಲ ಅವನನ್ನು ಕೇಳುವುದು ನನ್ನ ಚಟ. ಫೋನ್ ಎತ್ತಿದವಳು ಭಾರತಿ.

“ಅವರು ಫೋನ್ ಮನ್ಯಾಗs ಬಿಟ್ಟು ಹೋಗ್ಯಾರ ಅಣ್ಣಾ. ಇಲ್ಲೂ ಗಾಳಿ ಬಿಟ್ಟು ತಂತಿ ಹರಿದಾವ. ಕಂಬ ಹತ್ತ್ಯಾರ. ಇನ್ನಾ ಇಳದಿಲ್ಲ.”

“ಲೈನ್ ಬಂದ್ ಮಾಡೇ ಹತ್ತಿರ್ತಾನಲ್ಲ, ಅಂಜಬ್ಯಾಡ” ಎಂದೆ.

“ಲೈನ್ ಬಂದ್ ಇದ್ರೇನಣ್ಣಾ? ಯಾರರ ಮನ್ಯಾಗ ಜನರೇಟರ್ ಹಚ್ಚಿದ್ರ? ಅವರ ಜೋಡಿದಾರಗ ಹಂಗs ಹೊಡದಿತ್ತು. ಎಲ್ಲಾ ಬಂದ್ ಅದ ಅಂತ ಹತ್ತಿದ್ದ. ಇನ್ನಾ ಕೈ ಎತ್ತಾಕ ಬರಂಗಿಲ್ಲ ಅವಗ. ಅವರು ಇಳಿಯೂ ತನಾ ನಾ ಬಾಗಿಲಾಗs ಕುಂದರ್ತೀನಿ.”

ಹೊರಗೆ ಜನರೇಟರು ಕೆಮ್ಮಿ ಚಾಲೂ ಆಯಿತು. ನನ್ನ ಕೈಯಲ್ಲಿದ್ದ ಪಿನ್ನಿನ ಹಿತ್ತಾಳೆಯ ಕಡ್ಡಿಗಳಿಗೆ ಜೀವ ಬಂದಿತ್ತು. ಕಮಲಾಪುರದ ಎಮ್ಮೆ ಬಿದ್ದ ದಿನದಿಂದ ಇಂದಿನವರೆಗೆ ನಾನು ಕರೆಂಟಿಗೆ ಹೆದರಿದ್ದೆಲ್ಲ ನನ್ನ ಮೈಗಾಗಿ. ನನ್ನ ಕೈಯಿಂದ ಹೋಗುವ ಕರೆಂಟು ಇನ್ನೊಬ್ಬನ ಮೈಗೆ ತಗುಲೀತೆಂಬ ಭಯ ಒಮ್ಮೆಯೂ ನನ್ನ ಹತ್ತಿರ ಸುಳಿದಿರಲಿಲ್ಲ. ಈಗ ಅದು ಬಂದಾಗ ಹಳೆಯ ಭಯಗಳೆಲ್ಲ ಅದರ ಮುಂದೆ ಮಕ್ಕಳಾಟವಾದವು. ಜೇವರ್ಗಿ ಕಾಲೋನಿಯ ಯಾವುದೋ ತಿರುವಿನಲ್ಲಿ, ಬೇವಿನ ಕೊಂಬೆ ಬಿದ್ದ ತಂತಿಯ ಹತ್ತಿರ, ಇನ್ನೊಬ್ಬ ಲಕ್ಷ್ಮಣ ಹತ್ತಿ ನಿಂತಿರಬಹುದು. ಇನ್ನೊಬ್ಬಳು ಭಾರತಿ ಬಾಗಿಲಲ್ಲಿ ಕುಳಿತಿರಬಹುದು. ಇತ್ತ ಅವ್ವನ ಬಾಯಿ ನೀರಿನಿಂದ ತೆಗೆದ ಮೀನಿನಂತೆ ತೆರೆಯುತ್ತಿತ್ತು. ಎರಡೂ ಉಸಿರುಗಳು ನನ್ನ ಕೈಯಲ್ಲಿವೆ ಎನ್ನಿಸಿ, ದೇವರಾಣೆ ಹೇಳುತ್ತೇನೆ, ಅಷ್ಟು ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

“ಬಂದ್ ಮಾಡ್ರಿ ಪಾಶಾಭಾಯಿ, ಬಂದ್ ಮಾಡ್ರಿ!” ಎಂದು ಕೂಗಿದೆ. ಗಾಬರಿಯಾದ ಚಾಂದಪಾಶಾ ಜನರೇಟರನ್ನು ನಿಲ್ಲಿಸಿದರು. ನಾನು ಗೇಟಿಗೆ ಓಡಿದೆ. ಗೋಡೆ ಒದ್ದೆ, ಕಬ್ಬಿಣದ ಡಬ್ಬಿ ಒದ್ದೆ. ಹುಟ್ಟಿದಾರಭ್ಯ ಮುಟ್ಟದ ಮೇನ್ ಸ್ವಿಚ್ಚಿನ ಹಿಡಿಕೆಗೆ, ದಾರಿಯಲ್ಲಿ ಅಡುಗೆಮನೆಯಿಂದ ಎತ್ತಿಕೊಂಡು ಬಂದಿದ್ದ ಚಪಾತಿಯ ಲಟ್ಟಣಿಗೆಯನ್ನು ಇಟ್ಟು, ಕಣ್ಣು ಮುಚ್ಚಿ ಕೆಳಗೆ ಒತ್ತಿದೆ. ಖಟ್ ಎಂದು ಬಿತ್ತು. ನಾನು ಸತ್ತಿರಲಿಲ್ಲ. ಆದರೂ ನನಗೆ ನಂಬಿಕೆ ಸಾಲಲಿಲ್ಲ. ಗೋಡೆಯ ಪ್ಲಗ್ಗಿನ ಸಹವಾಸವೇ ಬೇಡವೆಂದು ಆ ಎರಡು ಪಿನ್ನಿನ ವೈರನ್ನು ಕಿತ್ತೆಸೆದು, ಉದ್ದನೆಯ ಎಕ್ಸ್‌ಟೆನ್ಶನ್ ಬೋರ್ಡಿನ ವೈರನ್ನು ಮೆಟ್ಟಿಲಿನಿಂದ ಮಂಚದವರೆಗೆ ಎಳೆದೆವು. ಜನರೇಟರನ್ನು ಮತ್ತೆ ಚಾಲೂ ಮಾಡಿ, ಮಷೀನನ್ನು ನೇರವಾಗಿ ಅದಕ್ಕೇ ಹಚ್ಚಿದೆವು. ಮನೆಯ ಒಂದು ದೀಪವೂ ಹತ್ತಲಿಲ್ಲ. ಅವ್ವನ ಮಷೀನು ಮಾತ್ರ ಗುರುಗುಟ್ಟತೊಡಗಿತು.

ಬಣ್ಣ ಮರಳಲು ಸ್ವಲ್ಪ ಹೊತ್ತಾಯಿತು. ಬಾಗಿದ್ದ ಬೆನ್ನು ನಿಧಾನವಾಗಿ ನೇರವಾಯಿತು, ಮಂಚದ ಅಂಚನ್ನು ಹಿಡಿದಿದ್ದ ಬೆರಳುಗಳು ಒಂದೊಂದಾಗಿ ಸಡಿಲಾದವು. ನಾನು ನೆಲದ ಮೇಲೆ ಕುಸಿದು ಅವಳ ಮುಖವನ್ನೇ ನೋಡುತ್ತಿದ್ದೆ. ಮಾತಾಡಬೇಡವೆಂದು ಸನ್ನೆ ಮಾಡಿದರೂ ಕೇಳದೆ, ನಳಿಕೆಯನ್ನು ಸರಿಪಡಿಸಿಕೊಂಡು, ಎರಡು ಉಸಿರಿಗೆ ಒಂದು ಶಬ್ದದಂತೆ ಅವ್ವ ಕೇಳಿದಳು:

“ಯಪ್ಪಾ... ಲಕ್ಷ್ಮಣ... ಇಳದನೇನು?”

ಅಷ್ಟು ಸಂಕಟದಲ್ಲೂ ಅವಳು ನನ್ನ ಫೋನಿನ ಮಾತಿಗೆ ಕಿವಿಗೊಟ್ಟಿದ್ದಳು. ನನಗೆ ಗೊತ್ತಿಲ್ಲವೆಂದೆ. ಮತ್ತೆ ಫೋನ್ ಹಚ್ಚಿದರೆ ಸಿಗಲಿಲ್ಲ. ಆ ಮೇಲೆ ನಾವು ಮೂವರು, ಅವ್ವ, ನಾನು, ಬಾಗಿಲಲ್ಲಿ ನಿಂತ ಚಾಂದಪಾಶಾ, ಕಮಲಾಪುರದ ಒಂದು ಕಂಬವನ್ನೇ ಕಾಯುತ್ತ ಕುಳಿತೆವು. ಆಂಬುಲೆನ್ಸು ಬಂತು, ಅವ್ವನನ್ನು ನೋಡಿ ಈಗ ತೊಂದರೆಯಿಲ್ಲವೆಂದರು, ಹೊಸ ಸಿಲಿಂಡರು ಕೊಟ್ಟು ಹೋದರು. ಹೊರಗೆ ಓಣಿ ‘ಬಂತು!’ ಎಂದು ಕೂಗಿತು. ಮೇನ್ ಕೆಳಗಿದ್ದ ನಮ್ಮ ಮನೆಗೆ ಮಾತ್ರ ಬರಲಿಲ್ಲ, ನಮಗೆ ಅದರ ಅವಸರವೂ ಇರಲಿಲ್ಲ. ಇಳಿಸಿದಷ್ಟು ಸುಲಭವಾಗಿ ಅದನ್ನು ಏರಿಸುವ ಧೈರ್ಯ ನನಗಿರಲಿಲ್ಲವೆಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಸುಜಾತಾ ಬಂದು ಏರಿಸಿದಳು. ಆಗ ಭಾರತಿಯ ಫೋನು ಬಂತು. “ಇಳದಾರ ಅಣ್ಣಾ. ಕಟ್ಟಿ ಮ್ಯಾಲ ಕುಂತು ಚಹಾ ಕುಡ್ಯಾಕತ್ತಾರ.” ಅವ್ವನಿಗೆ ಹೇಳಿದೆ. ಅವಳು ಕಣ್ಣು ಮುಚ್ಚಿ ಗೋಡೆಗೆ ಒರಗಿದಳು. ಚಾಂದಪಾಶಾ ಆ ಎರಡು ಪಿನ್ನಿನ ವೈರನ್ನು ಸುತ್ತಿ ಬಗಲಲ್ಲಿಟ್ಟುಕೊಂಡು ಮನೆಗೆ ಹೋದರು. ಮರುದಿನ ಅದರ ಒಂದು ತುದಿಯನ್ನು ಕತ್ತರಿಸಿ ಹಾಕಿದ್ದನ್ನು ಅವರ ಅಂಗಳದಲ್ಲಿ ಕಂಡೆ.

ಈಗ ಹೊಸ ಬ್ಯಾಟರಿ ಬಂದಿದೆ, ಅದಕ್ಕೆ ಹೆದರುತ್ತಲೇ ಅದರ ಪಕ್ಕದಲ್ಲಿ ಬಾಳುವುದನ್ನು ಕಲಿತಿದ್ದೇನೆ. ಸೆಕ್ಷನ್ ಆಫೀಸರಿಗೆ ಕೊಡದೆ ಉಳಿದಿದ್ದ ಚಹಾವನ್ನು, ಅವರು ಇನ್ನಾವುದೋ ಮನೆಯ ಪರಿಶೀಲನೆಗೆ ಬಂದ ದಿನ ಕರೆದು ಕೊಟ್ಟೆ. ಬಿಸಿಲಿನ ಒಪ್ಪಿಗೆ ಪತ್ರ ಕಪಾಟಿನಲ್ಲಿದೆ. ಗೋಡೆಯ ಮೇಲಿನ ಡಬ್ಬಿ ಇಂದಿಗೂ ಕರೆಂಟ್ ಹೋದ ಕೂಡಲೇ ಕಣ್ಣು ಮುಚ್ಚುತ್ತದೆ. ಮೊದಲು ಅದನ್ನು ಕಂಡರೆ ನನಗೆ ಹೇಡಿಯೆನಿಸುತ್ತಿತ್ತು. ಈಗ ನಮ್ಮ ಮನೆಯಲ್ಲಿ ನನಗೆ ಜೊತೆಗೊಬ್ಬರು ಸಿಕ್ಕರೆನಿಸುತ್ತದೆ. ನನ್ನ ಹೆದರಿಕೆ ಕಡಿಮೆಯಾಗಿಲ್ಲ. ಇನ್ನೂ ಹೆಚ್ಚೇ ಆಗಿದೆ, ಮೊದಲು ಎರಡು ಕಾಲಿಗಷ್ಟೇ ಇದ್ದದ್ದು ಈಗ ಊರ ಕಂಬಗಳಿಗೆಲ್ಲ ಹರಡಿದೆ.

ಕರೆಂಟ್ ಹೋದಾಗ ಓಣಿ ಎಂದಿನಂತೆ ‘ಹೋತು’ ಎನ್ನುತ್ತದೆ. ನಮ್ಮ ಮನೆಯಲ್ಲಿ ಅವ್ವ ಮಂಚದ ಮೇಲಿಂದ, “ಯಾರೋ ಹತ್ತ್ಯಾರ” ಎನ್ನುತ್ತಾಳೆ. ನಾನು ಚಪ್ಪಲಿ ಮೆಟ್ಟಿಕೊಂಡು ಅವಳ ಪಕ್ಕದಲ್ಲಿ ನಿಲ್ಲುತ್ತೇನೆ, ಏನು ಮಾಡುವುದಕ್ಕೂ ಅಲ್ಲ, ಸುಮ್ಮನೆ. ಹೊರಗೆ ಮಕ್ಕಳು ‘ಬಂತು!’ ಎಂದು ಕೂಗುತ್ತಾರೆ, ಡಬ್ಬಿಯ ಹಸಿರು ದೀಪ ಕಣ್ಣು ತೆರೆಯುತ್ತದೆ. ಅವ್ವ ಒಂದು ದೀರ್ಘ ಉಸಿರನ್ನು, ಅಷ್ಟು ದೀರ್ಘ ಉಸಿರು ಅವಳಿಗೆ ಎಲ್ಲಿಂದ ಬರುತ್ತದೋ, ಬಿಟ್ಟು, “ಇಳದ ನೋಡು” ಎನ್ನುತ್ತಾಳೆ. ಆಮೇಲೆಯೇ ನಾನು ಚಪ್ಪಲಿ ಬಿಡುತ್ತೇನೆ.